ಹನ್ನೊಂದು ಕುಂಡ ಒಗೆದ ಕಥೆ

ಅವತ್ತು ಶನಿವಾರ. ನಮ್ಮ ಯಜಮಾನರು ಕಿಟಕಿ ಹತ್ತಿರ ನಿಂತು, ದಪ್ಪ ಎಲೆಯ ಗಿಡವೊಂದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು.

"ಇದಕ್ಕೆ ಬಿಳಿ ಹುಳ ಬಿದ್ದಿದೆ ಕಣೇ. ನಾಳೆ ನೋಡಬೇಕು."

"ನಾಳೆ ಯಾಕೆ? ನನ್ನ ಕೈಗೆ ಕೊಡಿ. ಹತ್ತು ನಿಮಿಷದ ಕೆಲಸ."

"ಮಹಾತಾಯಿ, ನೀನು ಮಾತ್ರ ಮುಟ್ಟಬೇಡ!"

ಹಾಗೇ ಕಿತ್ತಾಡಿಕೊಂಡು ಉಂಡೆವು, ಮಲಗಿದೆವು. ಬೆಳಿಗ್ಗೆ ಅವರು ಏಳಲಿಲ್ಲ. ಅಷ್ಟೇ. ಅದನ್ನು ಬರೆಯೋಕೆ ನನಗೆ ಬರೋದಿಲ್ಲ.

ತಿಂಗಳಾದ ಮೇಲೆ ಕಿಟಕಿ ಕಡೆ ಹೋದೆ. ನಾನು ಯಾವತ್ತೂ ಹತ್ತಿರ ಹೋಗಿ ನೋಡಿದವಳಲ್ಲ. ನೋಡಿದರೆ ಹನ್ನೊಂದು ಕುಂಡದಲ್ಲೂ ಬಿಳುಪು! ಹುಳ ಎಲ್ಲಕ್ಕೂ ಹಬ್ಬಿಬಿಟ್ಟಿದೆ ಅಂದುಕೊಂಡೆ. ಅವರು ಸಾಕಿದ್ದು ನನ್ನ ಕೈಯಲ್ಲಿ ಸತ್ತರೆ ಯಾವ ಮುಖ ಇಟ್ಟುಕೊಂಡು ಆ ಕಿಟಕಿ ತೆಗೆಯಲಿ?

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಆಸ್ಪತ್ರೆ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಒಗೆದವಳು. ರಕ್ತ, ಔಷಧಿ, ಡಾಕ್ಟರ ಪೆನ್ನಿನ ಇಂಕು, ನನ್ನ ಕೈಗೆ ಸಿಕ್ಕಿ ಉಳಿದ ಕಲೆಯೇ ಇಲ್ಲ. ಯಕಶ್ಚಿತ್ ಹುಳ ನನ್ನ ಮುಂದೆ ಎಷ್ಟರದು!

ಬಕೆಟ್ಟಿಗೆ ಸೋಪಿನ ಪುಡಿ ಹಾಕಿದೆ. ಮೊದಲು ಅವರು ತೋರಿಸಿದ್ದ ಗಿಡ. ಆಮೇಲೆ ಅದೇ ಬಟ್ಟೆ, ಅದೇ ನೀರು, ಉಳಿದ ಹತ್ತು. ಎಲೆ ಎಲೆ ಹಿಡಿದು ಉಜ್ಜಿದೆ. ಬೂದಿ ಬಣ್ಣದವು ಹಸಿರಾಗಿ ಫಳಫಳ ಹೊಳೆದವು! ಒಗೆದದ್ದನ್ನು ಬಿಸಿಲಿಗೆ ಹಾಕಬೇಕಲ್ಲ, ಟೆರೇಸಿನಲ್ಲಿ ಸಾಲಾಗಿ ಇಟ್ಟೆ.

ಕೆಳಗಿನ ಮನೆಯ ನಾದಿನಿ ಹತ್ತಿ ಬಂದಳು. "ಅತ್ತಿಗೆ, ಇಸ್ತ್ರಿ ಯಾವಾಗ?"

"ನಗು, ನಗು. ನಿಮ್ಮಣ್ಣ ಇಷ್ಟು ವರ್ಷದಲ್ಲಿ ಒಂದು ಸಲ ಹೀಗೆ ತೊಳೆದಿದ್ದರಾ?"

ಮೂರೇ ದಿನ. ಎಲೆಗಳು ಸುಟ್ಟು ಕಂದಿದವು. ಎರಡು ವಾರಕ್ಕೆ ಎಲ್ಲಾ ಕುಂಡಗಳ ಎಲೆ ಸಂದಿಯಲ್ಲೂ ಹತ್ತಿಯಂತೆ ಮೆತ್ತಿಕೊಂಡ ಹುಳ! ಒಂದು ಕುಂಡ ಚೀಲಕ್ಕೆ ಹಾಕಿಕೊಂಡು, ನಾದಿನಿಯನ್ನು ಎಳೆದುಕೊಂಡು, ನರ್ಸರಿಗೆ ಓಡಿದೆ.

ನರ್ಸರಿಯಾಕೆ ಎಲೆ ನೋಡಿದಳು. ನನ್ನನ್ನು ನೋಡಿದಳು.

"ಇದರ ಮೇಲೆ ಬಿಳಿ ಪುಡಿ ಇರಬೇಕಿತ್ತಲ್ಲಮ್ಮ, ಎಲ್ಲಿ?"

"ಯಜಮಾನರು ಒಂದಕ್ಕೆ ಹುಳ ಅಂದಿದ್ದರು, ನೋಡಿದರೆ ಹನ್ನೊಂದರಲ್ಲೂ ಬಿಳುಪು. ಹುಳ ಅಂತ ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಉಜ್ಜಿದೆ. ಒಂದು ಚೂರೂ ಬಿಟ್ಟಿಲ್ಲ."

"ಅಯ್ಯೋ ತಾಯಿ! ಅದು ಬಿಸಿಲು ತಡೆಯೋಕೆ ಗಿಡವೇ ಬಳಿದುಕೊಂಡ ಪೌಡರು! ಹುಳ ಇದ್ದದ್ದು ಒಂದೇ ಗಿಡದ ಸಂದಿಯಲ್ಲಿ. ನೀವು ಅದನ್ನು ಬಟ್ಟೆಗೆ ಅಂಟಿಸಿಕೊಂಡು ಎಲ್ಲಕ್ಕೂ ಹಂಚಿದ್ದೀರಿ."

ನಾದಿನಿ ನಗೋಕೆ ಶುರು ಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ಒಂದಾದರೂ ಉಳಿಯುತ್ತಾ?" ಅಂದೆ.

"ಮೂರೋ ನಾಲ್ಕೋ ಉಳಿಯಬಹುದು. ನೀವು ತೊಳೆಯದಿದ್ದರೆ!"

ನಾಲ್ಕು ಉಳಿದಿವೆ. ದಿನಾ ಬೆಳಿಗ್ಗೆ ನರ್ಸರಿಯಾಕೆ ಹೇಳಿಕೊಟ್ಟಂತೆ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಸಂದಿ ಸಂದಿ ಹುಡುಕುತ್ತೇನೆ. ಹುಳ ಕಂಡರೆ ಅದರ ಮೇಲೆ ಒಂದೇ ಚುಕ್ಕೆ. ಹೊಸ ಎಲೆಗಳಿಗೆ ಪುಡಿ ಬಂದಿದೆ. ಕಂಡರೆ ಉಜ್ಜೋಕೆ ಬೆರಳು ತುರಿಸುತ್ತವೆ.

ಕೆಳಗಿನಿಂದ ನಾದಿನಿ ಕೂಗುತ್ತಾಳೆ, "ಅತ್ತಿಗೇ, ಇನ್ನೊಂದು ಕೈ ಎಲ್ಲಿದೆ?"

"ಬೆನ್ನ ಹಿಂದೆ ಕಣೇ!"