ದಾರಿಯಲ್ಲಿ ಮೊದಲು ಸಿಕ್ಕಿದ್ದು

ಸದಾನಂದ: ನನ್ನ ಕಂಪ್ಯೂಟರಿಗೆ ನೀನು ಎಂತ ಮಾಡಿದ್ದು? ಒಂಬತ್ತು ವರ್ಷದಿಂದ ಸರಿ ಇತ್ತು.

ಮುಂಬೈಯ ಮಲಾಡಿನ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕುಳಿತು ಸದಾನಂದ ಶೆಟ್ಟರು ಮಗಳು ನಿಶ್ಮಿತಾಳನ್ನು ವಿಚಾರಿಸುತ್ತಿದ್ದರು. ದಿನಾ ಬೆಳಿಗ್ಗೆ ಅವರು ಒಂದು ಗುಂಡಿ ಒತ್ತಿದರೆ ಆ ದಿನದ ಪಾರ್ಟಿ ಆರ್ಡರಿನ ಚೀಟಿ ಬರುತ್ತಿತ್ತು. ಇವತ್ತು ಬಂದಿರಲಿಲ್ಲ. ಬೊರಿವಲಿಯ ದೇವಕ್ಕನ ಮೊಮ್ಮಗನ ನಾಮಕರಣಕ್ಕೆ ಹನ್ನೆರಡರೊಳಗೆ ನೂರೈವತ್ತು ಊಟ ತಲುಪಬೇಕು. ದೇವಕ್ಕನ ಬಾಯಿ ಇಡೀ ಬೊರಿವಲಿಗೆ ಗೊತ್ತು.

ನಿಶ್ಮಿತಾ: ಏನೂ ಮಾಡಿಲ್ಲ ಪಪ್ಪ. ನನ್ನ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿದೆ ಅಂತ ನಿನ್ನೆ ಇದರಲ್ಲಿ ವಿಂಡೋಸಿನ ಜೊತೆಗೆ ಸ್ವಲ್ಪ ಲಿನಕ್ಸ್ ಸಾಮಾನು ಹಾಕಿದೆ, ಬಸ್, ಅಷ್ಟೇ.

ಸದಾನಂದ: ಆ ಸಾಮಾನೇ ಹೇಳ್ತಾ ಉಂಟು, ಇವತ್ತಿನ ತಾರೀಕು ಇಲ್ಲ ಅಂತ. ಇವತ್ತು ಇಲ್ಲದಿದ್ರೆ ನಾನೆಂತಕ್ಕೆ ಸ್ನಾನ ಮಾಡಿ ಬಂದದ್ದು?

ನಿಶ್ಮಿತಾ: ನಿಮ್ಮ ಪ್ರೋಗ್ರಾಂ ಹುಡುಕುವ ಕಮಾಂಡನ್ನು 'ಫೈಂಡ್' ಅಂತ ಹೆಸರು ಹಿಡಿದು ಕರೀತದೆ. ವಿಂಡೋಸಿನ ಫೈಂಡ್ ಬಂದು ಆರ್ಡರ್ ಫೈಲಿನ ಒಳಗೆ ತಾರೀಕು ಹುಡುಕ್ತದೆ. ಲಿನಕ್ಸಿನ ಫೈಂಡ್ ಬಂದ್ರೆ ಆ ತಾರೀಕಿನ ಹೆಸರಿನ ಫೈಲನ್ನೇ ಹುಡುಕ್ತದೆ. ದೋನೋಂಕಾ ನಾಮ್ ಸೇಮ್, ಎರಡರ ಹೆಸರೂ ಒಂದೇ.

ಸದಾನಂದ: ಹಾಗಾದ್ರೆ ನನ್ನ ವಿಂಡೋಸಿನದ್ದು ಯಾಕೆ ಬರ್ಲಿಲ್ಲ?

ನಿಶ್ಮಿತಾ: ಯಾವ ಫೋಲ್ಡರ್ ಮೊದಲು ನೋಡಬೇಕು ಅಂತ ಕಂಪ್ಯೂಟರಿನಲ್ಲಿ ಒಂದು ಲಿಸ್ಟ್ ಇರ್ತದೆ. ಮೊದಲು ಸಿಕ್ಕಿದವನಿಗೇ ಕೆಲಸ.

ಸದಾನಂದ: ನಿನ್ನವನನ್ನು ಮೊದಲು ನಿಲ್ಲಿಸಿದ್ದು ಯಾರು?

ನಿಶ್ಮಿತಾ: ನಾನೇ.

ಸದಾನಂದ: ನಿನ್ನೆ ಬಂದವ ಒಂಬತ್ತು ವರ್ಷದವನನ್ನು ತಳ್ಳಿ ಮುಂದೆ. ಇದೆಂತ, ಚರ್ಚ್‌ಗೇಟ್ ಲೋಕಲ್ ಟ್ರೈನಾ?

ನಿಶ್ಮಿತಾ: ತಪ್ಪು ನಿಮ್ಮ ಪ್ರೋಗ್ರಾಮಿನದ್ದೂ ಇದೆ ಪಪ್ಪ. ಬರೀ ಹೆಸರು ಬರೆದ್ರೆ ಯಾರು ಬೇಕಾದ್ರೂ ಬರ್ತಾರೆ. ಡ್ರೈವ್, ಫೋಲ್ಡರ್, ಆಮೇಲೆ ಹೆಸರು, ಪೂರ್ತಿ ವಿಳಾಸ ಕೊಡಬೇಕು. ಇಷ್ಟು ಬೇಸಿಕ್.

ಅವಳು ಪ್ರೋಗ್ರಾಮಿನಲ್ಲಿ 'ಫೈಂಡ್' ಪದಕ್ಕೆ ಮೊದಲು ಪೂರ್ತಿ ವಿಳಾಸ ಟೈಪ್ ಮಾಡಿದಳು. ಚೀಟಿ ಬಂತು, ಊಟ ತುಂಬಿತು, ಟೆಂಪೋ ಹೊರಟಿತು. ನಿಶ್ಮಿತಾ ಗೆದ್ದವಳ ಗತ್ತಿನಲ್ಲಿ ಮಸಾಲೆ ದೋಸೆ ತಿಂದಳು. ಹನ್ನೆರಡಕ್ಕೆ ಟೆಂಪೋ ಡ್ರೈವರ್ ಸಾಯಬಣ್ಣನ ಫೋನ್ ಬಂತು.

ಸಾಯಬಣ್ಣ: ಸಾವ್ಕಾರ್ರ, ಗುಲ್‌ಮೊಹರ್ ಸೊಸೈಟ್ಯಾಗ ಊಟ ಇಳಿಸೀನ್ರಿ. ಆದ್ರ ಇಲ್ಲಿ ತೊಟ್ಟಿಲಾನೂ ಕಾಣವಲ್ದು, ಕೂಸೂ ಕಾಣವಲ್ದು.

ಸದಾನಂದ: ಯಾವ ಗುಲ್‌ಮೊಹರ್ ಮಾರಾಯ?

ಸಾಯಬಣ್ಣ: ಕಾಂದಿವಲೀದ್ರಿ. ದಾರ್ಯಾಗ ಅದ ಮೊದಲ ಸಿಕ್ತು. ಚೀಟ್ಯಾಗ ಬರೇ ಗುಲ್‌ಮೊಹರ್ ಅಂತ ಐತಿ, ಏರಿಯಾದ ಹೆಸರ ಇಲ್ರಿ.

ಸದಾನಂದ: ಊಟ ವಾಪಸ್ ತುಂಬಿಸು.

ಸಾಯಬಣ್ಣ: ಎಲ್ಲಿ ತುಂಬಸೂದ್ರಿ? ಇಲ್ಲಿ ಸೊಸೈಟಿ ಮೀಟಿಂಗ್ ನಡದಿತ್ತು. ಪಾರ್ಕಿಂಗ್ ಜಗಳ ಬಿಟ್ಟು ಎಲ್ಲಾರೂ ಪ್ಲೇಟ್ ಹಿಡದಾರ. ಚೇರ್ಮನ್ನರು ನಿಮಗ ಥ್ಯಾಂಕ್ಸ್ ಹೇಳಂದ್ರು.

ಶೆಟ್ಟರು ಚೀಟಿಯ ಇನ್ನೊಂದು ಪ್ರತಿ ತೆಗೆದು ನೋಡಿದರು. 'ದೇವಕ್ಕ, ಗುಲ್‌ಮೊಹರ್. ಆರ್ಡರ್ ಬರೆದುಕೊಂಡವರು: ನಿಶ್ಮಿತಾ.' ಅಷ್ಟರಲ್ಲಿ ಮತ್ತೆ ಫೋನ್ ರಿಂಗಾಯಿತು. ಅವರು ಹೆಸರು ನೋಡಿ ಅದನ್ನು ಮಗಳ ಕೈಗಿಟ್ಟರು.

ಸದಾನಂದ: ದೇವಕ್ಕ. ಬೇಸಿಕ್ ಎಂತದ್ದು ಅಂತ ನೀನೇ ಹೇಳು.