ನಾಕು ಕೈ ಹಚ್ರಿ!

ನನ್ನ ಸೋದರಮಾವ ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಹತ್ತು ವರ್ಷ ಜೀಪು ಇಟ್ಟುಕೊಂಡಿದ್ದ. ಇಟ್ಟುಕೊಂಡಿದ್ದ ಅಂದೆ, ಓಡಿಸಿದ ಅನ್ನಲಿಲ್ಲ, ಗಮನಿಸಿ! ಆ ಜೀಪು ಓಡಿದ್ದಕ್ಕಿಂತ ಅದರ ಹಿಂದೆ ಮಂದಿ ಓಡಿದ್ದೇ ಹೆಚ್ಚು. ಹಾಗೆ ಓಡಿದವರಲ್ಲಿ ಎದುರುಮನೆಯ ನೇಕಾರ, ಹಾಲಿನವ, ಚಹಾದಂಗಡಿಯವ, ಹುಲಿಗೆಮ್ಮನ ಭಕ್ತರು, ಒಮ್ಮೆ ಒಬ್ಬ ಪೊಲೀಸಪ್ಪ, ಕೊನೆಗೆ ನನ್ನ ಹೆತ್ತ ತಾಯಿ ಕೂಡ ಇದ್ದಾಳೆ. ನಾನು ಮಾತ್ರ ಇರಲಿಲ್ಲ. ನಾನು ಸರಕಾರಿ ಶಾಲೆಯ ಅಕ್ಕೋರು! ಇಸ್ತ್ರಿ ಸೀರೆ ಉಟ್ಟು ಜೀಪು ದಬ್ಬುತ್ತ ಹೊರಟರೆ ನನ್ನ ಮಕ್ಕಳು ನಾಳೆ ಮಗ್ಗಿ ಒಪ್ಪಿಸುತ್ತವೆಯೇ?

ಕೊಪ್ಪಳ ಜಿಲ್ಲೆಯಾದ ವರ್ಷವೇ ಮಾಮಾನಿಗೆ ಜೀಪು ಬಂತು. ಊರಿಗೆ ಡಿಸಿ ಬಂದರು, ನಮ್ಮ ಮನೆತನಕ್ಕೆ ಇದು ಬಂತು. ಯಾವುದರಿಂದ ಹೆಚ್ಚು ಉಪಯೋಗವಾಯಿತು ಅಂತ ಕೇಳಬೇಡಿ. ಮಾಮಾ ಡ್ಯಾಮಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವ. ನಮ್ಮತ್ತೆ ತೀರಿಕೊಂಡು ಆಗ ಆರು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ಅತ್ತೆ ಇರುವತನಕ ಆ ಮನೆಯ ಕಟ್ಟೆಯ ಮೇಲೆ ಮಂದಿ ಕುಳಿತೇ ಇರುತ್ತಿದ್ದರು. ಒಬ್ಬಳು ಹುಣಸೆಹಣ್ಣು ಬಿಡಿಸುತ್ತ, ಒಬ್ಬಳು ಸೊಸೆಯನ್ನು ಬೈಯುತ್ತ, ಒಬ್ಬಳು ಸುಮ್ಮನೆ. ಅವಳು ಹೋದ ಮೇಲೆ ಮಾಮಾನಿಗೆ ಒಂದು ಸಂಗತಿ ಗೊತ್ತಾಯಿತು: ಅವರೆಲ್ಲ ಅವಳ ಮಂದಿ. ಅವನ ಮಂದಿ ಅಂತ ಆ ಓಣಿಯಲ್ಲಿ ಯಾರೂ ಇರಲಿಲ್ಲ. ಮೂವತ್ತು ವರ್ಷ ಮುಂಜಾನೆ ಹೋಗಿ ಸಂಜೆ ಬಂದವನ ಹೆಸರು ಯಾರಿಗೆ ಗೊತ್ತಿರಬೇಕು? ಕಟ್ಟೆ ಖಾಲಿಯಾಯಿತು. ಮಾಮಾ ಅದರ ಮೇಲೆ ಒಬ್ಬನೇ ಕುಳಿತು ಎದುರುಮನೆಯ ಮಗ್ಗದ ಸಪ್ಪಳ ಕೇಳುತ್ತಿದ್ದ.

ಹೀಗಿರುವಾಗ ಒಂದು ದಿನ ಹರಾಜಿನಲ್ಲಿ ಹಿಡಿದ ಗುಜರಿ ಜೀಪನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿಸಿಕೊಂಡು ಬಂದುಬಿಟ್ಟ. ಟಾಪಿಲ್ಲ, ಸೀಟಿಲ್ಲ, ಒಂದು ದೀಪವಿಲ್ಲ. ಓಣಿಗೆ ಓಣಿಯೇ ನೋಡಲು ಬಂತು. ಕುಷ್ಟಗಿಯಿಂದ ಬಂದಿದ್ದ ನನ್ನವ್ವ ಹಣೆ ಬಡಿದುಕೊಂಡಳು.

"ಯಣ್ಣಾ, ಇದರಾಗ ಏನೈತಂತ ತಂದಿ?"

"ಇಂಜಿನ್ ಐತಿ."

"ಮತ್ತ?"

"ಮತ್ತೇನು? ನಾ ಅದೀನಲ್ಲ!"

ಅಂದಿನಿಂದ ರಿಪೇರಿ ಶುರುವಾಯಿತು. ನಾನು ಆಗಷ್ಟೇ ಕೊಪ್ಪಳದ ಶಾಲೆಗೆ ವರ್ಗವಾಗಿ, ಮಾಮಾನ ಮನೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ಗಂಡ ಯಲಬುರ್ಗಾದಲ್ಲಿ ನೌಕರಿ, ಶನಿವಾರಕ್ಕೊಮ್ಮೆ ಬರುವವರು. ಉಳಿದ ದಿನ ನನಗೂ ಮಾತಿಗೆ ಯಾರಿರಲಿಲ್ಲ. ಮುಂಜಾನೆ ಶಾಲೆಗೆ ಹೋಗುವ ಮೊದಲು ಮಾಮಾನ ಮನೆಗೆ ಹೋದರೆ ಅವನ ಕಾಲೆರಡು ಮಾತ್ರ ಕಾಣುತ್ತಿದ್ದವು. ಉಳಿದ ಮಾಮಾ ಜೀಪಿನ ಕೆಳಗೆ! ನಾನು ಆ ಕಾಲುಗಳ ಜೊತೆಗೇ ಮಾತಾಡಿ, ಕಾಲುಗಳಿಗೇ "ಬರ್ತೀನಿ" ಅಂತ ಹೇಳಿ ಹೋಗುತ್ತಿದ್ದೆ.

ಸೀಟಿನ ಕತೆ ಹೇಳಲೇಬೇಕು. ಸೀಟು ಹೊಲಿಸಿದ್ದಾಯಿತು, ಒಳಗೆ ತುಂಬಲು ಸ್ಪಂಜು ಬೇಕಲ್ಲ? ಮಾಮಾ ಆಚೀಚೆ ನೋಡಿದ. ನಮ್ಮ ಭಾಗ್ಯನಗರದಲ್ಲಿ ಮನೆಮನೆಗೂ ಸಿಗುವ ವಸ್ತು ಯಾವುದು? ಕೂದಲು! ಊರೂರಿನ ಹೆಂಗಸರು ಬಾಚಿ ಬಿಸಾಡಿದ ಕೂದಲು ಇಲ್ಲಿಗೆ ಬಂದು, ಇಲ್ಲಿಯ ಹೆಂಗಸರು ಸಿಕ್ಕು ಬಿಡಿಸಿ, ಉದ್ದಕ್ಕೆ ಉದ್ದ ಜೋಡಿಸಿ ದೂರ ದೇಶಕ್ಕೆ ಕಳಿಸುತ್ತಾರೆ. ಸಿಕ್ಕು ಬಿಡದ, ಯಾವುದಕ್ಕೂ ಬಾರದ ಗಂಟುಗೂದಲು ಮೂಲೆಯಲ್ಲಿ ಬಿದ್ದಿರುತ್ತದೆ. ಮಾಮಾ ಅದನ್ನು ಎರಡು ಚೀಲ ತಂದು ಸೀಟಿಗೆ ಗಿಡಿದು ತುಂಬಿದ. "ಸ್ಪಂಜು ನಾಕ್ ವರ್ಷಕ್ಕ ಪುಡಿ ಆಕ್ಕೈತಿ. ಇದು ಸಾಯೂಮಟಾ ಇರ್ತೈತಿ!" ಅಂದ.

ಇತ್ತು, ನಿಜ. ಆದರೆ ಹೊಲಿಗೆ ಇರಬೇಕಲ್ಲ? ಮೊದಲ ಸಲ ಆನೆಗೊಂದಿಯ ಬಂಡೆಗಳ ನಡುವೆ ಜೀಪಿನ ನಾಲ್ಕೂ ಗಾಲಿಯ ಶಕ್ತಿ ಪರೀಕ್ಷಿಸಲು ಹೋದಾಗ ಚಹಾದಂಗಡಿಯವನೂ ಜೊತೆಗಿದ್ದ. ಜೀಪು ಬಂಡೆ ಹತ್ತಲಿಲ್ಲ, ಪಕ್ಕದ ಭತ್ತದ ಗದ್ದೆಗೆ ಇಳಿಯಿತು. ಗದ್ದೆಯ ಮಾಲಕರು ಬೈಯುತ್ತಲೇ ಎತ್ತು ಕಟ್ಟಿ ಎಳೆದುಕೊಟ್ಟರು. ಆದರೆ ಅದಲ್ಲ ವಿಷಯ. ಸಂಜೆ ಚಹಾದಂಗಡಿಯವ ಮನೆಗೆ ಹೋದರೆ ಅವನ ಬಿಳಿ ಪೈಜಾಮದ ಹಿಂದೆ ಮೊಳ ಉದ್ದದ ಹೆಂಗಸಿನ ಕೂದಲು! ಒಂದಲ್ಲ, ಹತ್ತಾರು! ಕರಿಯವು, ಕೆಂಚಗಿನವು, ಒಂದೆರಡು ಬಿಳಿಯವು. ಅವನ ಹೆಂಡತಿ ಪಾಪ, ಬಿಳಿ ಕೂದಲಿನವಳು ಯಾರು ಅಂತ ಕೇಳಿ ಕೇಳಿ ಎರಡು ದಿನ ಒಲೆ ಹಚ್ಚಲಿಲ್ಲವಂತೆ. ಕೊನೆಗೆ ಮಾಮಾನೇ ಹೋಗಿ ಸೀಟು ಬಿಚ್ಚಿ ತೋರಿಸಿ ಸಂಸಾರ ಉಳಿಸಿದ.

ಇನ್ನು ಆ ಜೀಪಿನ ಖಾಯಂ ರೋಗ. ಕೀಲಿ ತಿರುವಿದರೆ ಸೆಲ್ಫ್ ಹೊಡೆಯುತ್ತಿರಲಿಲ್ಲ. ದಬ್ಬಿಯೇ ಶುರು ಮಾಡಬೇಕು. ಮುಂಜಾನೆ ಎಂಟಕ್ಕೆ ಮಾಮಾ ಕಟ್ಟೆಯ ಮೇಲೆ ನಿಂತು ಸೊಂಟಕ್ಕೆ ಕೈಯಿಟ್ಟು ಒಂದು ಕೂಗು ಹಾಕುತ್ತಿದ್ದ:

"ಬರ್ರೀ, ನಾಕು ಕೈ ಹಚ್ರೀ!"

ಕೂಡಲೇ ಎದುರುಮನೆಯ ಮಗ್ಗ ನಿಲ್ಲುತ್ತಿತ್ತು. ಅದೇ ಗುರುತು. ಲಟಕ್ ಪಟಕ್ ಸಪ್ಪಳ ನಿಂತಿತೆಂದರೆ ನೇಕಾರ ಎದ್ದ ಅಂತ ಅರ್ಥ. ಅವನ ಹಿಂದೆ ಚಹಾದಂಗಡಿಯವ, ಕ್ಯಾನು ಕೆಳಗಿಟ್ಟು ಹಾಲಿನವ. ನಾಲ್ಕು ಕೈ ಅಂದರೆ ಲೆಕ್ಕಕ್ಕೆ ಇಬ್ಬರೇ ಸಾಕು. ಆದರೆ ಮಾಮಾ ಚಹಾ ಇಡುತ್ತಿದ್ದದ್ದು ಎಂಟು ಮಂದಿಗೆ! ಜೀಪು ಬುಸ್ಸೆಂದು ಶುರುವಾಗಿ, ಓಣಿ ಒಂದು ಸುತ್ತು ಹಾಕಿ, ಹತ್ತು ನಿಮಿಷಕ್ಕೆ ವಾಪಸು ಬಂದು ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಆಮೇಲೆ ಕಟ್ಟೆಯ ಮೇಲೆ ಚಹಾ, ಬಾನೆಟ್ಟು ತೆರೆದು ಒಂದು ತಾಸು ವಿಚಾರಣೆ.

"ಕಾಕಾರ, ಡೀಸಲ್ ಪೈಪಿನಾಗ ಗಾಳಿ ಹೊಕ್ಕಿರಬೇಕ್ರಿ" ಅನ್ನುತ್ತಿದ್ದ ನೇಕಾರ.

"ಗಾಳಿ ನಿನ್ನ ತಲ್ಯಾಗ ಹೊಕ್ಕೈತಿ. ಚಹಾ ಕುಡಿ!"

ಹುಲಿಗೆಮ್ಮನ ಗುಡಿಗೆಂದು ಹುಲಿಗಿಗೆ ಹೋದ ದಿನ ನನ್ನವ್ವ ಮುಂದಿನ ಸೀಟಿನಲ್ಲಿ ಕುಳಿತಿದ್ದಳು, ತೊಡೆಯ ಮೇಲೆ ನೈವೇದ್ಯದ ಬುಟ್ಟಿ. ಮಂಗಳವಾರ, ಗುಡಿಯ ದಾರಿಯ ತುಂಬ ಮಂದಿ. ಅಲ್ಲೇ ನಡುದಾರಿಯಲ್ಲಿ ಜೀಪು ಬಂದ್ ಬಿತ್ತು. ಮಾಮಾ ಎದ್ದು ನಿಂತು ಅದೇ ಕೂಗು ಹಾಕಿದ. ನಾಲ್ಕು ಕೈ ಕೇಳಿದರೆ ನಲವತ್ತು ಬಂದವು! "ಉಧೋ ಉಧೋ" ಅನ್ನುತ್ತ ಭಕ್ತರು ದಬ್ಬಿದ ರಭಸಕ್ಕೆ ಜೀಪು ಶುರುವಾಯಿತು. ಆದರೆ ಭಾರ ಕಡಿಮೆಯಾಗಲಿ ಅಂತ ನನ್ನವ್ವ ಅಷ್ಟರಲ್ಲಿ ಇಳಿದುಬಿಟ್ಟಿದ್ದಳು.

"ನಿಂದ್ರಸೋ ಯಣ್ಣಾ!"

"ನಿಂದ್ರಿಸಿದ್ರ ಮತ್ತ ಬಂದ್ ಬೀಳ್ತೈತಿ! ಓಡಿ ಬಂದು ಹತ್ತು!"

ಅರವತ್ತರ ಹತ್ತಿರದ ನನ್ನವ್ವ ಬುಟ್ಟಿ ತಲೆಯ ಮೇಲಿಟ್ಟು ಗುಡಿಯತನಕ ಓಡಿದಳು. ದೇವಿಯ ಮುಂದೆ ಏನು ಬೇಡಿಕೊಂಡೆ ಅಂತ ಕೇಳಿದೆ. "ಉಸಿರು ಬರ್ಲಿ ಅಂತ ಬೇಡಿನಿ" ಅಂದಳು.

ಇಷ್ಟು ಹೇಳಿದ ಮೇಲೆ ನನ್ನ ಬುದ್ಧಿವಂತಿಕೆಯ ಕತೆಯನ್ನೂ ಹೇಳಬೇಕಲ್ಲ. ಮಾಮಾನಿಗೆ ವಯಸ್ಸಾಗುತ್ತಿತ್ತು. ಮೊಣಕಾಲು ನೋಯುತ್ತಿತ್ತು. ದಿನಾ ಮಂದಿಯ ಮುಂದೆ ಕೈಯೊಡ್ಡಬೇಕಲ್ಲ ಪಾಪ, ಅಂತ ನನಗೆ ಅನ್ನಿಸಿತು. ಅವನು ಯಾವುದೋ ಸಾಮಾನು ಹುಡುಕಿಕೊಂಡು ಬಸ್ಸಿನಲ್ಲಿ ಗಂಗಾವತಿಗೆ ಹೋದ ದಿನ, ವೈರಿಂಗ್ ಕೆಲಸದವನೊಬ್ಬನನ್ನು ಕರೆಸಿದೆ. ಅವನು ಬಾನೆಟ್ಟಿನೊಳಗೆ ತಲೆ ತೂರಿಸಿ ಐದು ನಿಮಿಷಕ್ಕೇ ಹೊರಗೆ ತೆಗೆದ.

"ಅಕ್ಕೋರ, ಬ್ಯಾಟ್ರಿ ಛಲೋ ಐತ್ರಿ. ಸೆಲ್ಫೂ ಛಲೋ ಐತಿ. ಒಂದ್ ವೈರು ಬಿಚ್ಚೈತಿ, ಅಷ್ಟ."

"ಬಿಚ್ಚಿ ಬಿದ್ದೈತೇನು?"

"ಬಿದ್ದಿಲ್ರಿ. ತುದಿಗೆ ಬಟ್ಟಿ ಸುತ್ತಿ, ದಾರ ಕಟ್ಟಿ, ಛಂದ ಮಾಡಿ ಬಾಜೂಕ ಇಟ್ಟಾರ."

ಬಟ್ಟೆ ಬಿಚ್ಚಿ ವೈರು ಜೋಡಿಸಿ ಕೀಲಿ ತಿರುವಿದ. ಜೀಪು ಒಂದೇ ಏಟಿಗೆ ಗುರ್ ಅಂದಿತು. ನಾನು ನಕ್ಕೆ. ನೋಡಿ, ನಾನು ನಕ್ಕೆ! ಮೂವತ್ತು ವರ್ಷ ಫಿಟ್ಟರ್ ಆಗಿದ್ದವನಿಗೆ ಇಷ್ಟು ಚಿಕ್ಕ ವೈರು ಮರೆತು ಹೋಯಿತಲ್ಲ ಅಂತ. ಮಕ್ಕಳಿಗೆ ದಿನಾ "ತಲೆ ಓಡಿಸ್ರಿ" ಅನ್ನುವ ಅಕ್ಕೋರ ತಲೆ ಎಷ್ಟು ಓಡುತ್ತಿತ್ತು ನೋಡಿ.

ಮರುದಿನ ಎಂಟಕ್ಕೆ ಕೂಗು ಬಿತ್ತು, ಮಗ್ಗ ನಿಂತಿತು, ಮೂವರೂ ಬಂದರು. ನಾನು ಎಲ್ಲರನ್ನೂ ತಡೆದು, ಮಾಮಾನ ಕೈಗೆ ಕೀಲಿ ಕೊಟ್ಟು, "ತಿರುವಿ ನೋಡು ಮಾಮಾ" ಅಂದೆ. ಅವನು ನನ್ನ ಮುಖ ನೋಡಿದ. ಬಾನೆಟ್ಟು ನೋಡಿದ. ಮೆಲ್ಲಗೆ ಹತ್ತಿ ಕುಳಿತು ತಿರುವಿದ. ಗುರ್! ಮೂವರೂ ಚಪ್ಪಾಳೆ ತಟ್ಟಿದರು.

"ಕಾಕಾರ, ಇನ್ನ ನಮ್ಮ ಕೆಲಸ ಮುಗೀತು ಬಿಡ್ರಿ!" ಅಂದ ನೇಕಾರ, ನಗುತ್ತಲೇ. ಹಾಲಿನವ ಕ್ಯಾನು ಎತ್ತಿಕೊಂಡ. ಚಹಾದಂಗಡಿಯವನಿಗೆ ಅಂಗಡಿಯಲ್ಲಿ ಗಿರಾಕಿ ಕಾದಿದ್ದರು. ಯಾರದೂ ತಪ್ಪಲ್ಲ. ಒಲೆಯ ಮೇಲೆ ಎಂಟು ಮಂದಿಯ ಚಹಾ ಕುದಿಯುತ್ತಿತ್ತು. ನಾನೊಂದು ಲೋಟ ಕುಡಿದೆ, ಮಾಮಾ ಒಂದು ಲೋಟ ಕುಡಿದ. ಉಳಿದದ್ದನ್ನು ಅವನು ತುಳಸಿಕಟ್ಟೆಯ ಹಿಂದೆ ಚೆಲ್ಲಿ ಬಂದ.

"ಛಲೋ ಆತು ಬಿಡಬೇ. ಭಾಳ ಛಲೋ ಆತು" ಅಂದ.

ಒಂದು ವಾರ ಹಾಗೇ ಹೋಯಿತು. ಮುಂಜಾನೆ ಹೋದರೆ ಕಾಲುಗಳು ಜೀಪಿನ ಕೆಳಗಿರಲಿಲ್ಲ. ಮಾಮಾ ಕಟ್ಟೆಯ ಮೇಲೆ ಕುಳಿತು ಎದುರುಮನೆಯ ಕಡೆ ನೋಡುತ್ತಿದ್ದ. ಮಗ್ಗ ನಿಲ್ಲದೆ ಬಡಿಯುತ್ತಿತ್ತು. ಒಲೆಯ ಮೇಲೆ ಚಿಕ್ಕ ಪಾತ್ರೆ. "ಗಾಡಿ ತಗದಿ ಇಲ್ಲೋ ಮಾಮಾ?" ಅಂದರೆ, "ಎಲ್ಲಿಗೆ ಹೋಗ್ಲಿಬೇ?" ಅಂದ.

ಆಗ, ಆಗ ನನಗೆ ತಿಳಿಯಿತು. ತುದಿಗೆ ಬಟ್ಟೆ ಸುತ್ತಿ ದಾರ ಕಟ್ಟಿದ ವೈರು ಮರೆತವನ ಕೆಲಸವೇ? ಮರೆತವನು ಗಂಟು ಹಾಕುತ್ತಾನೆಯೇ? ಇಷ್ಟು ವರ್ಷ ಆ ಜೀಪಿನ ಸೆಲ್ಫಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಅವನಿಗೆ ಬೇಕಾಗಿದ್ದು ಒಂದೇ, ದಿನಕ್ಕೊಮ್ಮೆ ಅವನ ಕೂಗಿಗೆ ಯಾರಾದರೂ ಬರಬೇಕು. ಅಷ್ಟನ್ನು ನಾನು ಉಪಕಾರ ಅಂತ ತಿಳಿದು ಕಿತ್ತುಬಿಟ್ಟಿದ್ದೆ. ಅವನು ಮತ್ತೆ ಆ ವೈರು ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ನನ್ನ ಸಂತೋಷ ಕೆಡಬಾರದು ಅಂತ. ಆ ದಿನ ಶಾಲೆಯಲ್ಲಿ ನನಗೆ ಪಾಠ ಮಾಡಲಾಗಲಿಲ್ಲ.

ಮರುದಿನ ಏಳೂವರೆಗೇ ಹೋದೆ. ಮಾಮಾ ಒಳಗೆ ಸ್ನಾನಕ್ಕಿದ್ದ. ಬಾನೆಟ್ಟು ಎತ್ತಿ, ವೈರು ಕಿತ್ತು, ಸೀರೆಗೆ ಮಸಿ ಬಳಿದುಕೊಂಡು ಕರ್ಚೀಪು ಸುತ್ತುತ್ತಿದ್ದೆ. ಹಿಂದೆ ಹೆಜ್ಜೆಯ ಸಪ್ಪಳವಾಯಿತು.

"ಏನ್ ಮಾಡಾಕತ್ತೀಬೇ?"

"ಸೆಲ್ಫ್ ಮತ್ತ ಕೆಟ್ಟೈತಿ ಮಾಮಾ."

ಅವನು ಒದ್ದೆ ಟವೆಲ್ಲಿನಿಂದ ಮುಖ ಒರೆಸಿದ್ದೇ ಒರೆಸಿದ.

"ನನಗೂ ಹಂಗ ಅನಸ್ತಿತ್ತು" ಅಂದ. ಆಮೇಲೆ ಹತ್ತಿರ ಬಂದು ನನ್ನ ಗಂಟು ನೋಡಿ, "ಬಿಗಿಯಾಗಿ ಕಟ್ಟಬೇ, ಫಿಟ್ಟರನ ಸೋದರಸೊಸಿ ನೀ" ಅಂದ.

ಎಂಟಕ್ಕೆ ಕಟ್ಟೆ ಹತ್ತಿ ಕೂಗಿದ. "ಬರ್ರೀ, ನಾಕು ಕೈ ಹಚ್ರೀ!" ವಾರದಿಂದ ಕೂಗದ ದನಿ ನಡುವೆ ಒಡೆಯಿತು. ಮಗ್ಗ ಲಟಕ್ ಪಟಕ್ ಬಡಿಯುತ್ತಲೇ ಇತ್ತು. ಮಾಮಾ ಹಾಗೇ ಕಟ್ಟೆಯ ಮೇಲೆ ಕುಳಿತುಬಿಟ್ಟ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಜೀಪಿನ ಹಿಂದೆ ಹೋಗಿ ಎರಡೂ ಅಂಗೈ ಊರಿದೆ. ಏಳನೆಯ ಇಯತ್ತೆಯ ಹಿಂದಿನ ಸಾಲಿಗೆ ಕೇಳಿಸುವ ದನಿಯಲ್ಲಿ ಕಿರುಚಿದೆ: "ಬರ್ರೀ! ನಾಕು ಕೈ ಹಚ್ರೀ!"

ಮಗ್ಗ ನಿಂತಿತು.

ನೇಕಾರ ಬಾಗಿಲಿಗೆ ಬಂದು, ಮಸಿಯಾದ ನನ್ನ ಸೀರೆ ನೋಡಿ, ಕಟ್ಟೆಯ ಮೇಲಿನ ಮಾಮಾನನ್ನು ನೋಡಿದ. ಚಪ್ಪಲಿ ಮೆಟ್ಟುತ್ತ ಅಂದ:

"ಎರಡು ಕೈ ಅಲ್ಲೇ ಅದಾವಲ್ರಿ ಅಕ್ಕೋರ! ಇನ್ನೆರಡು ಬಂದ್ವು, ತಡೀರಿ. ಕಾಕಾರ, ನೀವು ಚಹಾ ಇಡ್ರಿ."