ಒಂದು ಬಾಯಿಗೆ ಒಂದು ಬಾಂಬು

ನಂಬಿಕೆ ಇರುವವರು ಒಪ್ಪಂದ ಮಾಡಿಕೊಳ್ಳುವುದಿಲ್ಲ, ಕಾಫಿ ಕುಡಿದು ಎದ್ದುಹೋಗುತ್ತಾರೆ. ನಂಬಿಕೆ ಇಲ್ಲದವರಿಗೆ ಒಪ್ಪಂದ ಬೇಕು. ಒಪ್ಪಂದವನ್ನೂ ನಂಬದವರಿಗೆ ತಪಾಸಣೆ ಬೇಕು. ಈ ಜ್ಞಾನೋದಯ ನನಗಾದದ್ದು ಕೋಡಂಬಾಕ್ಕಂನ ಡಬ್ಬಿಂಗ್ ಸ್ಟುಡಿಯೋದಲ್ಲಿ, ಅಣ್ವಸ್ತ್ರ ಒಪ್ಪಂದಗಳ ಸಾಕ್ಷ್ಯಚಿತ್ರವೊಂದಕ್ಕೆ ಕನ್ನಡ ದನಿ ಕೊಡುವಾಗ. ಅಮೆರಿಕದ ಸೇನಾ ಜನರಲ್ ಕೂಡ ನಾನೇ, ರಷ್ಯಾದ ಜನರಲ್ ಕೂಡ ನಾನೇ. ಇಬ್ಬರೂ ಪರಸ್ಪರ ನಂಬದವರಂತೆ ಮಾತಾಡಬೇಕಿತ್ತು. ನನ್ನನ್ನು ಯಾರೂ ನಂಬದ ಮನೆಯಿಂದ ಬಂದವನಾದ್ದರಿಂದ ಅದು ಸಲೀಸಾಯಿತು.

ಅಪನಂಬಿಕೆಗೆ ಕಾರಣ ನನ್ನ ಬಾಯಿ. ಯಾರ ದನಿ ಕೇಳಿದರೂ ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತದೆ. ಪೆರಂಬೂರಿನ ನಮ್ಮ ಬೀದಿಗೆ ಬರುವ ನೀರಿನ ಲಾರಿಯವನಿಂದ ಹಿಡಿದು ಎದುರುಮನೆಯ ರೈಲ್ವೆ ಮೇಸ್ತ್ರಿಯವರೆಗೆ ಎಲ್ಲರೂ ಅಲ್ಲಿದ್ದಾರೆ. ಅತಿ ಹಳೆಯ ಬಾಡಿಗೆದಾರರು ಅಮ್ಮನ ಅಣ್ಣ, ಸದಾಶಿವ ಮಾವ. ಪ್ಯಾರೀಸ್ ಕಾರ್ನರ್ ಹತ್ತಿರ ಊಟದ ಹೋಟೆಲು ಇಟ್ಟಿರುವ ಮಾವ ಏನೇ ಹೇಳುವ ಮೊದಲೂ ಮೂರು ಸಲ ಕೆಮ್ಮಿ, "ಅದಲ್ಲ ವಿಷಯ" ಎಂದು ಶುರುಮಾಡಿ, ಅದೇ ವಿಷಯವನ್ನು ಹೇಳುವವರು. ಒಮ್ಮೆ ಅವರ ಹೋಟೆಲಿನ ಅಡುಗೆಮನೆಯ ಕಿಂಡಿಯ ಹಿಂದೆ ನಿಂತು ನಾನೂ ಹಾಗೇ ಕೆಮ್ಮಿ, "ಅದಲ್ಲ ವಿಷಯ, ಎಲ್ಲರಿಗೂ ಇನ್ನೊಂದು ಸಲ ಪಾಯಸ ಬಿಡಿ" ಎಂದೆ. ಬಿಟ್ಟೇಬಿಟ್ಟರು. ತಾನು ಯಾವಾಗ ಹೇಳಿದೆನೆಂದು ಮಾವ ಸಂಜೆಯವರೆಗೂ ಯೋಚಿಸಿದರಂತೆ.

ಹೀಗಿರುವಾಗ ಅಕ್ಕನ ನಿಶ್ಚಿತಾರ್ಥ ಬಂತು. ಸೋದರಮಾವ ಕೂತು ತಾಂಬೂಲದ ತಟ್ಟೆ ಬದಲಾಯಿಸದಿದ್ದರೆ ಅದು ನಿಶ್ಚಯವೇ ಅಲ್ಲ ಎಂಬುದು ಅಮ್ಮನ ಶಾಸ್ತ್ರ. ಮಾವನೋ, ಬರುವುದೇ ಇಲ್ಲ ಎಂದುಬಿಟ್ಟರು.

"ಗಂಡಿನ ಕಡೆಯವರ ಎದುರು ಇವ ನನ್ನ ಹಾಗೆ ಕೆಮ್ಮಿದರೆ ನನ್ನ ಮರ್ಯಾದೆ ಎಂಥ ಆಗ್ತದೆ? ಇವನ ಬಾಯಿಗೆ ಗ್ಯಾರಂಟಿ ಯಾರು ಕೊಡುದು ಮಾರಾಯ್ತಿ?"

ಅಮ್ಮ ಕಣ್ಣೊರೆಸಿಕೊಂಡಳು. ಮದುವೆ ನಿಂತರೆ ಕೊಂದುಬಿಡುತ್ತೇನೆ ಎಂದು ಅಕ್ಕ ತಮಿಳಿನಲ್ಲಿ ಹೇಳಿದಳು; ಕನ್ನಡದಲ್ಲಿ ಅಷ್ಟು ಖಾರ ಬರುವುದಿಲ್ಲವಂತೆ. ನಾನು ಹೋಟೆಲಿಗೇ ಹೋಗಿ ಮಾವನ ಗಲ್ಲಾದ ಮುಂದೆ ಕೂತೆ.

"ಆಕ್ಚುವಲಿ ಮಾವ, ಬಾಂಬರ್ ವಿಮಾನಗಳದ್ದೂ ಇದೇ ತಾಪತ್ರಯ. ಒಂದೊಂದು ವಿಮಾನ ಎಷ್ಟೆಷ್ಟು ಅಣುಬಾಂಬು ಹೊತ್ತಿದೆ ಅಂತ ದಿನಾ ಇಣುಕಿ ನೋಡೋಕಾಗುತ್ತಾ? ಅದಕ್ಕೇ ಎಷ್ಟೇ ಹೊರಲಿ, ಒಂದು ವಿಮಾನಕ್ಕೆ ಒಂದೇ ಬಾಂಬು ಅಂತ ಲೆಕ್ಕ."

ಮಾವ ಮೂರು ಸಲ ಕೆಮ್ಮಿದರು. "ಅದಲ್ಲ ವಿಷಯ. ಇದು ನಮ್ಮ ಎಲೆ ಊಟದ ಲೆಕ್ಕವೇ ಅಲ್ವಾ? ಒಂದು ಎಲೆಗೆ ಒಂದು ಟೋಕನ್. ಕೂತವ ಎಷ್ಟು ಸಲ ಅನ್ನ ಹಾಕಿಸಿಕೊಂಡ ಅಂತ ಕೇಳ್ಲಿಕ್ಕಿಲ್ಲ. ನಿನ್ನಂಥ ಬಾಂಬರ್ ಬಂದು ಕೂತರೂ ಒಂದೇ."

ಜನರಲ್ಲುಗಳಿಗೆ ವರ್ಷಗಟ್ಟಲೆ ಹಿಡಿದದ್ದು ಮಾವನಿಗೆ ಸಾಂಬಾರು ಆರುವುದರೊಳಗೆ ಹೊಳೆಯಿತು. ಉಳಿದದ್ದನ್ನೂ ವಿವರಿಸಿದೆ. ಅಣುಬಾಂಬು ಹೊರದಂತೆ ಮಾರ್ಪಡಿಸಿದ ವಿಮಾನಕ್ಕೆ ಹೊರಗಿನಿಂದಲೇ ಕಾಣುವ ಗುರುತಿರಬೇಕು. ಎದುರು ಪಕ್ಷದ ತಪಾಸಕರು ತುಸು ಮುಂಚೆ ಹೇಳಿ ಬಂದಿಳಿದು, ಹೊಟ್ಟೆಯ ಬಾಗಿಲು ತೆಗೆಸಿ ನೋಡಬಹುದು. ಗುಟ್ಟಿನ ಭಾಗಗಳಿಗೆ ಮಾತ್ರ ಮನೆಯವರು ಬಟ್ಟೆ ಹೊದಿಸಬಹುದು. ತುಂಡರಿಸಿದ ವಿಮಾನವನ್ನು ಉಪಗ್ರಹದ ಕಣ್ಣಿಗೆ ಬೀಳಲೆಂದು ಬಯಲಲ್ಲೇ ಬಿಟ್ಟಿರುತ್ತಾರೆ. ಮಾವನಿಗೆ ಇದೆಲ್ಲ ಬಹಳ ಹಿಡಿಸಿತು. ಕರಾರು ಕುದುರಿತು: ಹೊರಗೆ ಕಾಣುವ ಗುರುತಾಗಿ ನನ್ನ ಕೆನ್ನೆಯೊಳಗೆ ನಿಂಬೆಹಣ್ಣಿನ ಗಾತ್ರದ ಬೀಡಾ, ತಟ್ಟೆ ಬದಲಾಗುವವರೆಗೆ ಉಗುಳುವಂತಿಲ್ಲ. ಬಯಲು ಎಂದರೆ ಮನೆಯ ಹಾಲ್‌ನ ನಟ್ಟನಡುವೆ, ಫ್ಯಾನಿನ ಕೆಳಗಿನ ಕುರ್ಚಿ. ಉಪಗ್ರಹ, ಎದುರಿಗೆ ಕೂತ ಮಾವ.

ನಿಶ್ಚಿತಾರ್ಥದ ದಿನ ಉಪಗ್ರಹ ರೇಷ್ಮೆ ಶಲ್ಯ ಹೊದ್ದು ಬಂದಿತು. ಬರುತ್ತಲೇ, "ಬಾಯಿ ತೆಗಿ." ತೆಗೆದೆ. ಹುಳುಕು ದವಡೆಹಲ್ಲಿಗೆ ಬೆರಳು ಅಡ್ಡ ಹಿಡಿದೆ, ಗುಟ್ಟಿನ ಭಾಗ. ಮಾವ ತೃಪ್ತಿಯಿಂದ ತಲೆಯಾಡಿಸಿದರು.

ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಹುಡುಗನ ಅಜ್ಜಿ, ಮೈಸೂರಿನ ಕಡೆಯವರು, ನನ್ನನ್ನು ನೋಡುತ್ತ ಅಮ್ಮನತ್ತ ತಿರುಗಿದರು. "ತಮ್ಮನಿಗೆ ದನಿ ಕೊಡೋ ಕೆಲಸ ಅಂದಿದ್ರಲ್ಲಮ್ಮ? ಆಗಿನಿಂದ ನೋಡ್ತಿದ್ದೀನಿ, ಈ ಮಗು ಉಸಿರೇ ಬಿಡ್ತಿಲ್ಲ. ಮಾತು ಬರುತ್ತೆ ತಾನೇ?"

ಏನನ್ನೋ ಮುಚ್ಚಿಟ್ಟು ಹೆಣ್ಣು ಕೊಡುತ್ತಿದ್ದಾರೆ ಎಂಬ ಗುಮಾನಿ ಆ ಕಡೆಯ ಮುಖದಿಂದ ಮುಖಕ್ಕೆ ದಾಟಿತು. ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಮತ್ತೆ ತಮಿಳಿತ್ತು. ಬೀಡಾ ಉಗುಳಿದರೆ ಒಪ್ಪಂದ ಮುರಿದು ಮಾವ ಎದ್ದುಹೋಗುತ್ತಾರೆ. ಉಗುಳದಿದ್ದರೆ ಅಜ್ಜಿ ಎದ್ದುಹೋಗುತ್ತಾರೆ. "ಉಂ" ಎಂದೆ. ಅದರಿಂದ ಗುಮಾನಿ ಇನ್ನಷ್ಟು ಬಲವಾಯಿತು.

ಆಗ ಮೂರು ಕೆಮ್ಮು ಕೇಳಿಸಿದವು.

"ಅದಲ್ಲ ವಿಷಯ ಅಮ್ಮಾ. ಇವನಿಗೆ ಮಾತು ಬರ್ತದೆ, ನಿಲ್ಲಿಸ್ಲಿಕ್ಕೆ ಬರುದಿಲ್ಲ." ಮಾವ ಎದ್ದುನಿಂತರು. ಬೋಳುತಲೆಯ ಮೇಲಿಲ್ಲದ ಕೂದಲನ್ನು ಹಣೆಯಿಂದ ಹಿಂದಕ್ಕೆ ತಳ್ಳಿ, ಕತ್ತು ಕೊಂಕಿಸಿ, ಮೂಗಿನಲ್ಲೊಮ್ಮೆ ಸೊರ್ರೆಂದು, ಎಳೆ ದನಿಯಲ್ಲಿ ಶುರುಮಾಡಿದರು: "ಆಕ್ಚುವಲಿ ಮಾವ… ಆಕ್ಚುವಲಿ ಏನಂದ್ರೆ ಮಾವ…"

ಅದು ನಾನೇ. ನಾನು ಮೂಗು ಸೊರ್ರೆನ್ನಿಸುತ್ತೇನೆಂಬುದು ನನಗೇ ಗೊತ್ತಿರಲಿಲ್ಲ. ಅಜ್ಜಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಅವರ ಹಿಂದೆ ಇಡೀ ಹಾಲ್ ನಕ್ಕಿತು. "ಇನ್ನೊಂದ್ಸಲ ಮಾಡಣ್ಣಾ!" ಎಂದು ಕೂಗಿದವಳು ನನ್ನ ಹೆತ್ತ ತಾಯಿ. ಆ ನಗುವಿನಲ್ಲೇ ತಟ್ಟೆ ಬದಲಾಯಿತು.

ತಪಾಸಣೆ ಎರಡೂ ಕಡೆ ನಡೆಯಬೇಕು ಎಂಬುದು ಆ ಸಾಕ್ಷ್ಯಚಿತ್ರದ ಮೊದಲನೇ ಮಾತು. ಇಬ್ಬರು ಜನರಲ್ಲುಗಳ ದನಿಯಲ್ಲಿ ನಾನೇ ಹೇಳಿದ್ದೆ. ಆದರೂ ನನ್ನ ಬಾಯಿ ತೆಗೆದು ತೋರಿಸುವ ಸಂಭ್ರಮದಲ್ಲಿ, ಮಾವನ ಬಾಯೊಳಗೆ ಏನಿದೆಯೆಂದು ಇಣುಕಬೇಕೆಂದು ನನಗೆ ಹೊಳೆಯಲೇ ಇಲ್ಲ. ಈಗ ಮದುವೆಗೆ ಎರಡೂ ಕಡೆಯವರು ಕೂತು ಹೊಸ ಒಪ್ಪಂದ ಮಾಡಿಕೊಂಡಿದ್ದಾರೆ: ಮೈಕು ಮಾವನಿಗೆ, ಬೀಡಾ ನನಗೆ.